ಅರಸು

ಗಾಣಿಗರ ಪೇಟೆಯ ಓಬಿ ನಾನು. ಹದಿನೇಳು ದಾಟಿತ್ತು.
ಸಂಜೆಗೊಂದು ಗೋಪುರದಂತೆ ಹೊಂಗೆಯೆಣ್ಣೆ ಸಾಗಿಸುತ್ತಿದ್ದೆ:
ಹೆಬ್ಬಾಳದ ಹಾದಿಗೆ, ಹಲಸೂರ ಕೆರೆಗೆ,
ಕೆಂಪಾಂಬುಧಿಯ ದಂಡೆಗೆ, ತೆಂಕಣ ಹೆಬ್ಬಂಡೆಗೆ.
ಎತ್ತಿನ ಬೆನ್ನಿಗೆ ಎರಡು ಕೊಡ, ನನ್ನ ತಲೆಗೊಂದು ಸಿಂಬಿ.

ಕೋಟೆ ಬಾಗಿಲ ಬಳಿ ಒಂದು ಮುರುಕು ಕಲ್ಲು.
ಯಾರು ಕೊರೆಸಿದ್ದೋ, ಯಾವ ಕಣಿಯವಳ ಮಾತೋ:
ನಾಲ್ಕು ದೀಪ ಆರಿದ ಇರುಳು
ಅರಸು
ಅಲ್ಲಿಗೆ ಕಲ್ಲು ತುಂಡು.
ಮಿಕ್ಕದ್ದನ್ನು ಆಸ್ಥಾನ ತುಂಬಿತು.
ಜೋಯಿಸರು "ಅಳಿವುದು" ಅಂದರು, ಶಾಲು ಸರಿಪಡಿಸಿಕೊಂಡು.
ಶಾನುಭೋಗರು ಬರೆದುಕೊಂಡರು.
ದಳವಾಯಿ ಚೆಂಗಲಯ್ಯ ಏನೂ ಅನ್ನಲಿಲ್ಲ,
ಎಲೆಗೆ ಸುಣ್ಣ ಸವರುತ್ತ ಕೂತಿದ್ದ.

ಹೆಬ್ಬಂಡೆಯ ಗೋಪುರಕ್ಕೆ ಹೊಸ ಕಾವಲುಗಾರ ಬಂದ.
ಕಂಬಳಿ ಹಳೆಯದು, ಹಿಮ್ಮಡಿ ಮೆತ್ತಗೆ,
ಬತ್ತಿ ಹೊಸೆಯಲು ಬಾರದು.
"ಹೆಸರು?" ಅಂದೆ. "ಅಂಕ," ಅಂದ.
ಅರಮನೆಯ ಅಂಕಣ್ಣ ಅಂತ ಅವತ್ತೇ ಗೊತ್ತಾಯಿತು:
ಅಪ್ಪ ಸತ್ತು ಮೂರು ತಿಂಗಳು, ಯುಗಾದಿಗೆ ಪಟ್ಟ,
ಅಲ್ಲಿವರೆಗೆ ತನ್ನ ದೀಪ ತಾನೇ ಕಾಯಲು ಕದ್ದು ಬಂದವನು.
ಗೊತ್ತಿಲ್ಲದ ಹಾಗೆ ಬೈಯುವ ಸುಖ ಬಿಡಲಾಗಲಿಲ್ಲ.
"ಬತ್ತಿ ಅಂದ್ರೆ ಹಗ್ಗ ಅಲ್ಲವೋ, ಮಂಕೇ."
ನಕ್ಕ. ಅಷ್ಟೇ ಸಾಕಾಯಿತು.

ಅಮಾವಾಸ್ಯೆಗೆ ಮೂರು ದಿನವಿರುವಾಗ ದಳವಾಯಿಯ ಆಳು
ಗಾಣದ ಒರಳಿನ ಮೇಲೆ ಹತ್ತು ವರಹ ಇಟ್ಟ.
"ಎಣ್ಣೆಗೆ ನೀರು. ನಾಲ್ಕು ಕಡೆಗೂ."
ಅಪ್ಪ ನೆಲ ನೋಡಿದ. ನಾನು ವರಹ ಎಣಿಸಿದೆ,
ಸುಳ್ಳು ಹೇಳಲಾರೆ, ಎರಡು ಸಲ ಎಣಿಸಿದೆ.
ಎತ್ತು ಮಾತ್ರ ಸುತ್ತುತ್ತಲೇ ಇತ್ತು
ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಆಸ್ಥಾನದ ಪಂಡಿತರ ಹಾಗೆ.
ಬೇಡ ಅಂದೆ.
ಬೇಡ ಅಂದ ಮಾತ್ರಕ್ಕೆ ಕೊಡದ ಬಾಯಿ ಮುಚ್ಚುತ್ತದೆಯೇ?

ಬಡಗಣ ದೀಪ ಮೊದಲು ಚಟಪಟ ಅಂದು ಕಪ್ಪಾಯಿತು.
ಆಮೇಲೆ ಹಲಸೂರು.
ಕೆಂಪಾಂಬುಧಿ ಇನ್ನೊಂದು ಗಳಿಗೆ ತಡೆಯಿತು,
ನೀರಿನಲ್ಲಿ ಬಿದ್ದ ತನ್ನ ಬೆಳಕನ್ನೇ ಕುಡಿದು ಬದುಕುವಂತೆ.
ಓಡಿದೆ. ಕಚ್ಚೆ ಕಟ್ಟಿ, ತಿಗಳರ ತೋಟಗಳ ನಡುವೆ,
ದಂಟಿನ ಸೊಪ್ಪಿನ ಪಾತಿ ತುಳಿದು, ನಾಳೆ ಬೈಸಿಕೊಂಡರಾಯಿತೆಂದು,
ಬಗಲಲ್ಲಿ ನೀರು ಸೋಕದ ಒಂದು ಗಿಂಡಿ ಎಣ್ಣೆ.

ಬಂಡೆ ಬೆಚ್ಚಗಿತ್ತು, ಜ್ವರದ ಹಣೆಯಂತೆ.
ಕೋಟೆ ಕಲ್ಲಿನ ಅದೇ ಅಕ್ಷರ
ಇರುವೆ ಸಾಲಾಗಿ ನನ್ನ ಪಾದದ ಮುಂದೆ ಮುಂದೆ ಹರಿದು
ಗೋಪುರದ ಹೊಸ್ತಿಲಲ್ಲಿ ನಿಂತವು:
ಅರಸು.

ಅವನು ಅಂಗೈಯೆರಡನ್ನೂ ದೀಪಕ್ಕೆ ಗೋಡೆ ಮಾಡಿ ಕೂತಿದ್ದ.
"ಎಣ್ಣೆ ತಂದೆಯಾ?"
ಕೆಳಗೆ ಈಟಿಗಳು. ಹತ್ತೋ ಹದಿನೈದೋ,
ಈ ಒಂದೇ ಬೆಳಕನ್ನು ಗುರಿಯಿಟ್ಟು ಏರುತ್ತಿದ್ದವು.
ಗಿಂಡಿ ನನ್ನ ಕೈಯಲ್ಲೇ ಉಳಿಯಿತು.
"ಅಂಕಾ, ಅದು ದೊರೆಯ ಮಾತಲ್ಲ. ಹುಡುಕು ಅಂತಿದೆ ಕಲ್ಲು."
"ಆರಿಸಿದರೆ ಪಟ್ಟ ಹೋಗುತ್ತೆ."
"ಹೌದು."
"ನೀನೇ ಊದು."
"ಊಹೂಂ. ನಿನ್ನ ಪಟ್ಟ, ನಿನ್ನ ಉಸಿರು."

ಕೆಳಗಿನವರ ಕೆಮ್ಮು ಕೇಳುವಷ್ಟು ಹೊತ್ತು ಯೋಚಿಸಿದ.
ಆಮೇಲೆ ಊದಿದ.

ಕತ್ತಲು ಅಂದರೆ ಅದು. ಪೇಟೆ ಇಲ್ಲ, ಕೋಟೆ ಇಲ್ಲ, ನಾನೂ ಇಲ್ಲ.
ಈಟಿಗೆ ಈಟಿ ತಾಗಿ ಗಂಡಸರು ಬೈದಾಡಿಕೊಂಡರು.
ಅರಸಿದೆವು.
ಬೆರಳಿಗೆ ಕಲ್ಲು, ಕಲ್ಲಿನಾಚೆ ಕಂಬಳಿ,
ಕಂಬಳಿಯೊಳಗೆ ಮೊದಲು ಸಿಕ್ಕಿದ್ದು ಅವನ ಕಿವಿ.
ಅದನ್ನೇ ಹಿಡಿದು ಎಳಕೊಂಡು ಇಳಿದೆ.

ಬೆಳಗ್ಗೆ ಡಂಗುರ: ಜೋಯಿಸರ ಮಾತು ನಿಜವಾಯಿತಂತೆ.
ಚೆಂಗಲಯ್ಯನ ಅಳಿಯನಿಗೆ ಪಟ್ಟವಂತೆ.

ಹೊಸಕೋಟೆಯಲ್ಲೀಗ ನಮ್ಮದೊಂದು ಗಾಣ.
ಬತ್ತಿ ಹೊಸೆಯಲು ಅವನಿಗೆ ಇನ್ನೂ ಬಾರದು.
ಒಮ್ಮೊಮ್ಮೆ ಪಡುವಣಕ್ಕೆ ಮುಖ ಮಾಡಿ ಕೂರುತ್ತಾನೆ.
ಇಲ್ಲಿಂದ ಯಾವ ಗೋಪುರವೂ ಕಾಣುವುದಿಲ್ಲ,
ನಾನದನ್ನು ಹೇಳಲು ಹೋಗುವುದಿಲ್ಲ.
ರಾತ್ರಿ ದೀಪ ಆರಿಸುವುದು ಅವನ ಕೆಲಸ.
ಊದಿದ ಮೇಲೆ "ಅರಸು," ಅನ್ನುತ್ತಾನೆ.
ನಾನು ನೇರ ಕಿವಿಗೇ ಕೈ ಹಾಕುತ್ತೇನೆ.