ಸುತ್ತು, ಕತ್ತರಿ

ನಾಲ್ಕೂವರೆಗೆ ಹೊರಟೆ, ಮಿತ್ಸುಗು.
ತಂಗುಮನೆಯವರು ಬುತ್ತಿ ಕಟ್ಟಿಕೊಟ್ಟರು: ಎರಡು ಅನ್ನದುಂಡೆ,
ನಡುವೆ ಉಪ್ಪಿನಲ್ಲಿ ಹಾಕಿಟ್ಟ ಹುಳಿಹಣ್ಣು.
"ಎರಡು ಗಂಟೆಯೊಳಗೆ ಆಚೆ ತಲುಪಿಬಿಡಿ,
ಆಮೇಲೆ ಮೋಡ ಯಾರ ಮಾತೂ ಕೇಳುವುದಿಲ್ಲ" ಅಂದಳು ಹುಡುಗಿ.
ನನ್ನ ನರೆಗೂದಲು ನೋಡಿ ಇನ್ನೇನೋ ಹೇಳಲು ಹೋಗಿ
ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿದಳು, ಅಷ್ಟೆ.

ಅರವತ್ತಮೂರು ನನಗೆ. ಮಂಡಿ ಎರಡೂ ಇನ್ನೂ ನನ್ನವೇ.

ಎಡಗಾಲು ನಗಾನೊ, ಬಲಗಾಲು ಗಿಫು.
ನಡುವೆ ಒಂದು ಮೊಳ ಅಗಲದ ಏಣು,
ಯಾವ ಜಿಲ್ಲೆಗೂ ಕಂದಾಯ ಕಟ್ಟದ್ದು.
ಎಡಕ್ಕೆ ಬಿಸಿಲು, ಬಲಕ್ಕೆ ಇನ್ನೂ ಆರದ ಇರುಳು.
ಕಾಲು ತಾಗಿದ ಒಂದು ಕಲ್ಲು
ಸದ್ದು ಮಾಡುತ್ತ ಹೋಯಿತು, ಹೋಯಿತು,
ಹತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ.

ಬಂಡೆಗಳ ಮೇಲೆ ನೀನು ಬಳಿದ ಬಿಳಿ ಗುರುತು.
ಸುತ್ತು ಇದ್ದರೆ ಬಾ.
ಕತ್ತರಿ ಇದ್ದರೆ ಬೇಡ.
ಪ್ರತಿ ಜೂನ್, ಹಿಮ ಕರಗಿದ ಮೇಲೆ, ಡಬ್ಬಿ ಸೊಂಟಕ್ಕೆ ಕಟ್ಟಿ
ಇಡೀ ಏಣಿಗೆ ಬಣ್ಣ ಹಚ್ಚುತ್ತೀಯಂತೆ, ಹದಿನೇಳು ವರ್ಷದಿಂದ.
ನನಗೆ ಗೊತ್ತಿರಲಿಲ್ಲ. ನಿನ್ನೆ ಊಟದ ಹೊತ್ತಿಗೆ
ಹುಡುಗಿ ನಿನ್ನ ಹೆಸರು ಹೇಳಿದಾಗ
ಸೂಪಿನ ಬಟ್ಟಲು ಕೆಳಗಿಟ್ಟೆ.

ಐದನೇ ತರಗತಿ, ಕಿಟಕಿ ಪಕ್ಕದ ಜಾಗ.
ಭಿನ್ನರಾಶಿಯ ಹಾಳೆ. ಮೂವತ್ತಾರು ವರ್ಷ
ನಾನೂ ಬಳಿದದ್ದು ಇದನ್ನೇ: ಸರಿಗೆ ಸುತ್ತು, ತಪ್ಪಿಗೆ ಕತ್ತರಿ,
ಕೆಂಪು ಪೆನ್ಸಿಲಿಗೆ ಬೆರಳು ಗಂಟು ಕಟ್ಟುವಷ್ಟು.
ನಿನ್ನ ಹಾಳೆಯೋ, ಕತ್ತರಿಗಳ ಬೇಲಿ.
ಒಮ್ಮೆ ನೀನು ಕೇಳಿದ್ದೆ:
"ಟೀಚರ್, ತಪ್ಪು ಅಂತ ಗೊತ್ತಾಯಿತು.
ಹಾಗಾದರೆ ಯಾವ ಕಡೆ ಹೋಗಬೇಕಿತ್ತು?"
ಗಂಟೆ ಹೊಡೆಯಿತು. ನಾನು ಹಾಳೆ ಜೋಡಿಸಿಕೊಂಡೆ.

ಹತ್ತು ಗಂಟೆ. ಮೂರನೇ ಸರಪಳಿ.
ಕೈಗವಸು ತೂರಿ ಬರುವ ಕಬ್ಬಿಣದ ಥಂಡಿ.
ಎದುರಿನಿಂದ ಗಂಡಹೆಂಡತಿ, ಒಸಾಕಾ ಕಡೆಯ ಮಾತು,
"ನೀವು ಮೊದಲು", "ಛೆ, ಇಲ್ಲ, ನೀವು ಮೊದಲು".
ಇಷ್ಟು ಸೌಜನ್ಯದಲ್ಲಿ ಯಾರಾದರೂ ಬಿದ್ದು ಸತ್ತಾರು.
ಕೊನೆಗೆ ಗಂಡ ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡ,
ನಾನು ಅವನ ಬೆನ್ನುಚೀಲ ಹಿಡಿದು ದಾಟಿದೆ.
ಹೆಸರು ಕೇಳಲಿಲ್ಲ. ಬೆವರಿನ ವಾಸನೆ ನೆನಪಿದೆ.

ನೆಲಕ್ಕೊರಗಿದ ಪೈನ್ ಪೊದೆಯಿಂದ
ಗುಡುಗುಹಕ್ಕಿ, ಹಿಂದೆ ನಾಲ್ಕು ಮರಿ.
ಹೆದರಲಿಲ್ಲ. ಗುರುತೂ ನೋಡಲಿಲ್ಲ.

ಆಮೇಲೆ ಮಂಜು.
ಕೊನೆಯ ಸುತ್ತಿನ ಮೇಲೆ ಅಂಗೈಯಿಟ್ಟು ನಿಂತೆ, ಮುಂದಿನದು ಕಾಣದು.
ಒಮ್ಮೆ ಬಿರಿದಾಗ, ಬಲಗಡೆ ಕೊರಕಲಿನಲ್ಲಿ,
ಹತ್ತು ಮಾರು ಕೆಳಗೆ, ಪುಡಿಗಲ್ಲುಗಳ ನಡುವೆ
ಬೆಳ್ಳಗೆ ಒಂದು ಸುತ್ತು.
ಒಂದು ಕಾಲು ಆಗಲೇ ಆ ಕಡೆ ಇಳಿದಿತ್ತು.
ಸುತ್ತು ಅಂದರೆ ಸರಿ ತಾನೆ,
ಮೂವತ್ತಾರು ವರ್ಷದ ಅಭ್ಯಾಸ ಕಾಲಿಗೂ ಇಳಿದಿರುತ್ತದೆ.

ಆಗ ಕಂಡಿತು: ಸುತ್ತು ಆಕಾಶ ನೋಡುತ್ತಿದೆ.
ಗೋಡೆಯಲ್ಲಿದ್ದ ಬಂಡೆ, ಮೊನ್ನೆಯ ಮಳೆಗೋ ಏನೋ,
ಗುರುತಿನ ಸಮೇತ ಉರುಳಿ ಮಲಗಿದೆ.
ಉತ್ತರ ಸರಿಯೇ. ಲೆಕ್ಕ ಮಾತ್ರ ಮೇಲೆಯೇ ಉಳಿದಿತ್ತು.

ಅಂಡೂರಿ ತೆವಳಿ ಹಿಂದೆ ಬಂದೆ, ನಾಚಿಕೆ ಬಿಟ್ಟು.
ಅನ್ನದುಂಡೆ ತಿಂದೆ. ಹುಳಿಹಣ್ಣಿನ ಬೀಜ ಚೀಪುತ್ತ ಕಾದೆ.
ನಲವತ್ತು ನಿಮಿಷ. ಮತ್ತೆ ಬಿರಿಯಿತು:
ನೆತ್ತಿಯ ಮೇಲೆ, ನಾನು ತಲೆಯೆತ್ತದ ಕಡೆ,
ಒಂದು ಬಾಣ, ಸಣ್ಣದು, ಸುತ್ತೂ ಅಲ್ಲ ಕತ್ತರಿಯೂ ಅಲ್ಲ.
ಬಣ್ಣ ಒಸರಿ ಗೆರೆಗೆ ಗಡ್ಡ ಬೆಳೆದಿತ್ತು.
ಅದೇ ನಿನ್ನ ಕೈ. ಹಾಳೆಯಲ್ಲೂ ಹೀಗೇ ಮಸಿ ಹರಡುತ್ತಿತ್ತು,
ಅದಕ್ಕೂ ಒಂದು ಅಂಕ ಕಳೆಯುತ್ತಿದ್ದೆ.

ಎರಡೂ ಇಪ್ಪತ್ತಕ್ಕೆ ಆಚೆಯ ತಂಗುಮನೆ. ತಡ.
ನೀನಿರಲಿಲ್ಲ, ಹಲ್ಲುನೋವೆಂದು ಕೆಳಗೆ ಊರಿಗೆ ಹೋಗಿದ್ದೆ.
ಪುಸ್ತಕದಲ್ಲಿ ಹೆಸರು ಬರೆದೆ. ಷರಾ ಎಂಬ ಕಡೆ
ಬಂಡೆಯ ಜಾಗ ಬರೆದೆ: ಮೂರನೇ ಸರಪಳಿ ದಾಟಿ, ಬಲಕ್ಕೆ.
ಅದರ ಮೇಲಿನ ಸುತ್ತನ್ನು ಅಳಿಸಬೇಕು.
ಇನ್ನೂ ಏನೋ ಬರೆಯಬೇಕೆಂದು ಪೆನ್ನು ಹಿಡಿದೇ ಇದ್ದೆ.
ಹಿಂದೆ ಸಾಲಿತ್ತು. ಒದ್ದೆ ಬೂಟುಗಳು. ಯಾರೋ ಕೆಮ್ಮಿದರು.