ಅರವತ್ನಾಲ್ಕು ಮನೆ

ತಬಾಕಾದ ಗಣಿಯ ಕಲ್ಲು ಮೆತ್ತಗೆ, ಉಗುರಿಗೂ ಬಗ್ಗುತ್ತದೆ.
ನನ್ನ ಗಂಡ ಒಗೇಟೊ ಅದರಲ್ಲಿ
ಆನೆ ಕುದುರೆ ಮಂತ್ರಿ ಎಬ್ಬಿಸುತ್ತಾನೆ,
ನಾನು ಉಜ್ಜಿ ಹೊಳಪು ಕೊಡುತ್ತೇನೆ.

ಚುನಾವಣೆಯ ತಿಂಗಳು ಒಂಚಿರಿ ಬಂದಿದ್ದ.
ಯಾರೋ ದೊಡ್ಡವರಿಗೆ ಉಡುಗೊರೆಯಂತೆ,
ಒಂದು ಚದುರಂಗ ಹೇಳಿ ಹೋದ.
ಗೆದ್ದ.
ಒಯ್ಯಲು ಬರಲಿಲ್ಲ. ದುಡ್ಡೂ ಬರಲಿಲ್ಲ.

ಹಾಸು ಖಾಲಿ ಬಿದ್ದಿತ್ತು.
ಸದನಕ್ಕೂ ಮನೆಯೇ ಹೆಸರು, ಹಾಸಿನ ಚೌಕಕ್ಕೂ ಮನೆಯೇ.
ಆಗಲಿ ಅಂದೆ.

ಮಂಗಳವಾರ, ಬುಧವಾರ, ಮಧ್ಯಾಹ್ನ ಎರಡೂವರೆ:
ರೇಡಿಯೊದಲ್ಲಿ ಕೌಂಟಿ ಸಭೆಯ ಹೆಸರು ಕೂಗುತ್ತಾರೆ.
ಉಪ್ಪುಕಾಗದ ಕೆಳಗಿಟ್ಟು ಕಿವಿ ಕೊಡುತ್ತೇನೆ.
ದನಿ ಬಂದರೆ ಬಿಳಿ ಕಾಲಾಳು,
ಬರದಿದ್ದರೆ ಕರಿ.
ಕರಿಯವು ಎಂಟೇ ಇದ್ದದ್ದು; ಜುಲೈಗೇ ಮುಗಿದವು.
ಗೊಣಗುತ್ತ ಒಗೇಟೊ ಇನ್ನೊಂದು ಡಜನ್ ಕೆತ್ತಿದ,
ಇವಕ್ಕೆ ಗಿರಾಕಿ ಯಾರೇ, ಎಂದು.

ಮೂರು ಮನೆಯಲ್ಲಿ ಮಾತ್ರ ಜೋಳದ ಕಾಳು.
ಎರಡು ದಿನ ಬ್ಯಾಟರಿ ಸತ್ತಿತ್ತು,
ಒಂದು ದಿನ ಬೊಚಾಬೆರಿಗೆ ಜ್ವರ.
ಗೊತ್ತಿಲ್ಲದ್ದನ್ನು ಕರಿ ಅನ್ನಬಾರದಲ್ಲ.
ಒಂದು ಕಾಳನ್ನು ಕೋಳಿ ತಿಂದಿತು. ಬೇರೆ ಇಟ್ಟೆ.

ಖರ್ಚಿನ ಲೆಕ್ಕ ಕೇಳಿ ಬರೆದ ಅರ್ಜಿಗೆ
ಗುಮಾಸ್ತ ಕೊಟ್ಟ ರಸೀದಿ ಹಾಸಿನಡಿಯಿದೆ:
ಮೊಹರು ದುಂಡಗಿದೆ, ತಾರೀಖು ಇಲ್ಲ.

ನಿನ್ನೆ ಬಂದ ಒಂಚಿರಿ, ಮತ್ತೆ ಓಟಿನ ಕಾಲ.
ನಕ್ಕು ಕೇಳಿದ: ಆಟ ಯಾರದ್ದು? ಯಾರು ಮುಂದೆ?
ಆಟವಲ್ಲ ಅಂದೆ, ನಿಮ್ಮ ಹಾಜರಿ.
ಸುಮ್ಮನೆ ನಿಂತು ಎಣಿಸಿದ.
ಕರಿಯವನ್ನೇ ಮೊದಲು.

ಆಮೇಲೆ, ನಾಲ್ಕನೇ ಸಾಲಿನಿಂದ
ಉಳಿ ತಾಗದ ಒಂದು ತುಣುಕನ್ನು ಎತ್ತಿದ.
ಇದು ಯಾಕೆ ಹೀಗೆ?

ಅದು ನೀರಿನ ಮಸೂದೆಯ ದಿನ.
ನೀವು ಇದ್ದಿರಿ. ಹೆಸರು ಕೂಗಿದರು.
ಕುರ್ಚಿ ಜರುಗಿದ ಸದ್ದು ಕೇಳಿತು, ಯಾರೋ ಕೆಮ್ಮಿದರು.
ಹೌದೂ ಇಲ್ಲ, ಅಲ್ಲವೂ ಇಲ್ಲ.
ಅದಕ್ಕೆ ಯಾವ ಆಕಾರ ಕೊಡಬೇಕೋ
ಒಗೇಟೊನಿಗೂ ತಿಳಿಯಲಿಲ್ಲ.

ಬೆರಳಲ್ಲಿ ಹೊರಳಿಸಿದ, ಹೊರಳಿಸಿದ.
ಚಾಲಕ ಹಾರ್ನ್ ಹಾಕಿದ.
ಮಾತಿಲ್ಲದೆ ಅದನ್ನು ಯಾವುದೋ
ಬೇರೆ ಮನೆಯಲ್ಲಿಟ್ಟು ಹೊರಟ.

ಹುಡುಕುವುದೇನೂ ಕಷ್ಟವಾಗಲಿಲ್ಲ.
ನಮ್ಮ ಅಂಗಡಿಯಲ್ಲಿ ಎಲ್ಲದರ ಮೇಲೂ ಕಲ್ಲಿನ ಹುಡಿ;
ತುಣುಕಿದ್ದ ಜಾಗ ಮಾತ್ರ
ತುಣುಕಿನಷ್ಟೇ ಸ್ವಚ್ಛವಾಗಿತ್ತು.