ಹೆಲ್ವೆ ಕೇಳಿದ ಮೂರು ಸೆಕೆಂಡು

ಆ ವರ್ಷ ಕಡಲು ಹೆಪ್ಪುಗಟ್ಟಿತ್ತು.
ಹೀಯುಮಾ ದ್ವೀಪಕ್ಕೆ ಕಾರಿನಲ್ಲೇ ಹೋದೆ,
ನೀರಿನ ಮೇಲೆ, ಇಪ್ಪತ್ತಾರು ಕಿಲೋಮೀಟರು.
ದಡದಲ್ಲೊಂದು ಹಲಗೆ: ಸೀಟ್ ಬೆಲ್ಟ್ ಬಿಚ್ಚಿ.
ಮುಳುಗಿದರೆ ಈಚೆ ಬರಬೇಕಲ್ಲ.
ಇನ್ನೊಂದು: ಇಪ್ಪತ್ತೈದರ ಕೆಳಗಿರಿ, ಇಲ್ಲವೇ ನಲವತ್ತರ ಮೇಲೆ.
ನಡುವಿನ ವೇಗಕ್ಕೆ
ಅಡಿಯ ನೀರು ಅಲೆಯೆದ್ದು ತಾಳ ಹಾಕುತ್ತದೆ,
ಹಾಸು ಬಿರಿಯುತ್ತದೆ.

ಡಿಕ್ಕಿಯಲ್ಲಿ ಹೆಲ್ವೆಯ ಹೊಸ ಮಾತಿತ್ತು,
ಬೂದು ಪೆಟ್ಟಿಗೆಯೊಳಗೆ, ಥರ್ಮೋಕೋಲಿನ ನಡುವೆ.

ಲಕ್ವ ಹೊಡೆದು ಆರು ವರ್ಷ ಅವಳಿಗೆ.
ಬುರುಡೆಯ ಕೆಳಗೆ ಸೊಳ್ಳೆಪರದೆಯ ತುಣುಕಿನಂಥ ತಂತಿಬಲೆ,
ಕೂದಲ ಮೇಲೊಂದು ಪಟ್ಟಿ,
ಕೊರಳಿಗೆ ಸಿಕ್ಕಿಸಿದ ಗುಂಡಿಯಷ್ಟು ಸ್ಪೀಕರು.
ನೆನೆದದ್ದನ್ನಲ್ಲ, ನುಡಿಯಹೊರಟದ್ದನ್ನು ಮಾತ್ರ ಹಿಡಿಯುತ್ತದೆ
ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದೆವು.
ಗಂಡ ಎಂಡೆಲ್ ಓದದೆ ಸಹಿ ಹಾಕಿದ್ದ.

ದನಿ ಅವಳದೇ.
ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಪ್ರಕಟಣೆ ಹೇಳಿದವಳು:
"ಪ್ರಯಾಣಿಕರು ತಮ್ಮ ತಮ್ಮ ವಾಹನಗಳಿಗೆ ಮರಳಬೇಕು."
ಆ ಟೇಪುಗಳಿಂದಲೇ ಹೆಕ್ಕಿದೆವು.
ಹಾಗಾಗಿ ಹಸಿವೆಯಾದರೂ ಬೆನ್ನು ತುರಿಸಿದರೂ
ಹಡಗು ದಡ ಮುಟ್ಟುವ ಸಮಾಧಾನದಲ್ಲೇ ಹೇಳುತ್ತಾಳೆ.
ಪಕ್ಕದ ಮನೆಯ ಮಕ್ಕಳು ನಗುತ್ತಾರೆ.
ಅವಳೂ, ಬಲಗಣ್ಣಿನಲ್ಲಿ.

ಹಳೆಯ ಪೆಟ್ಟಿಗೆ ಮಂದ.
ಹೊರಟ ಮಾತು ಹೊರಬೀಳಲು ಮೂರು ಸೆಕೆಂಡು;
ಅಷ್ಟರಲ್ಲಿ ಬಲಗಣ್ಣು ಮುಚ್ಚಿದರೆ ಮಾತು ರದ್ದು.
ತಾರ್ತುವಿನ ಎಂಜಿನಿಯರುಗಳು ಅದನ್ನು ದೋಷವೆಂದರು,
ನಿದ್ದೆಗೆಟ್ಟು ತಿದ್ದಿದರು.
ಈಗ ಎವೆ ಮುಚ್ಚುವ ಮೊದಲೇ ಮಾತು.
ನಾನೇ ಜೋಡಿಸಿದೆ. ಚಪ್ಪಾಳೆಯನ್ನೂ ತಟ್ಟಿದೆ.

ಎಂಡೆಲ್ ಬೀಟ್ರೂಟ್ ಸಾರು ಕುಡಿಸುತ್ತ ಅವಳ ಗದ್ದ ಒರೆಸಿದ.
ಗುಂಡಿ ಅಂದಿತು, ಎಂದಿನ ಸಮಾಧಾನದಲ್ಲಿ:
"ನಿನ್ನಣ್ಣನ ಕೈ ಇಷ್ಟು ಒರಟಾಗಿರಲಿಲ್ಲ."

ಚಮಚ ನಿಲ್ಲಲಿಲ್ಲ.
ಇನ್ನೆರಡು ಗುಟುಕು ಕುಡಿಸಿದ, ಬಟ್ಟೆ ಮಡಚಿದ,
ಬೂಟು ಹಾಕಿಕೊಂಡ.
ಹೊರಗೆ ಕೊಡಲಿಯ ಸದ್ದು ಶುರುವಾಯಿತು.
ಗೋಡೆಯ ಮೇಲೆ ನಾವಿಕನ ಟೊಪ್ಪಿಯ ಒಬ್ಬ ತರುಣ,
ಚೌಕಟ್ಟಿನ ಗಾಜು ಮಾತ್ರ ತೀರ ಸ್ವಚ್ಛ.
ಯಾರು ಒರೆಸುತ್ತಿದ್ದರೋ, ಇಷ್ಟು ವರ್ಷ.

ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ.
ನಾವು ಕೊಟ್ಟ ನಾಲಿಗೆಗೆ
ಕಚ್ಚಿಕೊಳ್ಳಲು ತುಟಿಯಿಲ್ಲ,
ನುಂಗಿಕೊಳ್ಳಲು ಗಂಟಲಿಲ್ಲ.
ನಿಮಿಷಕ್ಕೆ ಎಷ್ಟು ಪದ, ನೂರಕ್ಕೆ ಎಷ್ಟು ತಪ್ಪು,
ಎಲ್ಲ ಅಳೆದಿದ್ದೆವು.
ಆಡದೆ ಇಟ್ಟುಕೊಂಡದ್ದಕ್ಕೆ ಕೋಷ್ಟಕದಲ್ಲಿ ಕಾಲಮ್ಮೇ ಇರಲಿಲ್ಲ.

ಹೆಲ್ವೆ ನನ್ನನ್ನು ನೋಡಿದಳು. ಗುಂಡಿ ಸುರಿಯಿತು:
"ಬೇಡ ಅದಲ್ಲ ಈ ಹುಡುಗಿಗೇನು ಗೊತ್ತು ಸತ್ತವನ ಕೈ ಆರಿಸು ಆರಿಸು"
ಆರಿಸಿದೆ.
ಕಪಾಟಿನಿಂದ ಹಳೆಯ ಅಕ್ಷರದ ಹಲಗೆ ತೆಗೆದೆ.
ನಾನು ಬೆರಳಿಟ್ಟಂತೆ ಅವಳು ಕಣ್ಣು ಮಿಟುಕಿಸಿ,
ಒಂದೊಂದೇ ಅಕ್ಷರ, ನಲವತ್ತು ನಿಮಿಷ:
ಆ ಮೂರು ಸೆಕೆಂಡು ವಾಪಸ್ಸು ಕೊಡು.

ವರದಿ ಕಳಿಸಿದೆ. ತಾರ್ತು ಕೇಳಿತು:
ತಡವನ್ನು ಯಾರಾದರೂ ಬೇಡುತ್ತಾರೆಯೇ?
ಪರೀಕ್ಷೆ ಮತ್ತೊಮ್ಮೆ ನಡೆಸಿ.
ನಡೆಸಲಿಲ್ಲ.

ಹಳೆಯ ಪೆಟ್ಟಿಗೆ ಹೊತ್ತು ಮತ್ತೆ ಹೋಗುವ ಹೊತ್ತಿಗೆ
ಕಡಲು ಕರಗಿತ್ತು. ಹಡಗು ಹತ್ತಿದೆ.
ದಡ ಬಂದಾಗ ಮೇಲಿನಿಂದ ಅವಳ ಮೂವತ್ತರ ದನಿ,
ವಾಹನಗಳಿಗೆ ಮರಳಿರೆಂದಿತು.
ಎಲ್ಲರೂ ಎದ್ದರು. ನಾನು ತುಸು ತಡವಾಗಿ.

ಎಂಡೆಲ್ ಬಾಗಿಲು ತೆರೆದ.
ಕೈಕುಲುಕಿದರೆ ಅಂಗೈ ಜಿಡ್ಡು;
ಕಿಟಕಿಯ ಬಳಿ ಕುರಿಯುಣ್ಣೆಯ ಎಣ್ಣೆಮುಲಾಮಿನ ಡಬ್ಬಿ,
ಅರ್ಧ ಖಾಲಿ.
ಅವನು ಏನೂ ಹೇಳಲಿಲ್ಲ. ನಾನು ಕೇಳಲಿಲ್ಲ.

ಊಟದ ಹೊತ್ತು. ಗದ್ದ ಒರೆಸಿದ.
ಪೆಟ್ಟಿಗೆಯ ಹಸಿರು ದೀಪ ಹೊತ್ತಿಕೊಂಡಿತು.
ಒಂದು. ಎರಡು.
ಬಲಗಣ್ಣು ಮುಚ್ಚಿತು.
ದೀಪ ಆರಿತು, ಮತ್ತೆ ಹೊತ್ತಿತು.

"ಉಪ್ಪು ಸ್ವಲ್ಪ ಕಡಿಮೆ," ಅಂದಿತು ಗುಂಡಿ,
ಹಡಗಿನ ದನಿಯಲ್ಲಿ.
ಎಂಡೆಲ್ ಎದ್ದು ಹೋಗಿ ಉಪ್ಪು ತಂದ.